ಮೊಮ್ಮಕ್ಕಳ ಸಂಸ್ಕಾರ, ಮನೆಯ ಹಿರಿಯರ ಹೊಣೆ



ಶ್ರಾವಣ ಮಾಸದ ಪ್ರವಚನದ ನಿಮಿತ್ತ ಶಹಾಪುರದ ಸುತ್ತಣ ಗ್ರಾಮಗಳಲ್ಲಿ ಸಂಚರಿಸುವಾಗ ನಮ್ಮ ಮುಂದೆ ಬಂದು ಕೂಡುವ ಹಿರಿಯರ ಬಾಯಲ್ಲಿ ಮೊದಲು ಮಳೆಯ ಮಾತು ಬರುತ್ತದೆ, ಆಮೇಲೆ ಕಾಲುವೆ ನೀರಿನ ಮಾತು, ಮೂರನೆಯದಾಗಿ ತಪ್ಪದೆ ಮಕ್ಕಳ ಮಾತು. “ಯಪ್ಪಾ, ಹುಡುಗರು ಹೇಳಿದ ಮಾತು ಕೇಳಂಗಿಲ್ಲ, ಒಂದೀಟು ವಿಭೂತಿ ಮಂತ್ರಿಸಿ ಕೊಡ್ರಿ” ಎನ್ನುತ್ತಾರೆ. ನಾವು ವಿಭೂತಿಯನ್ನು ಕೊಡುತ್ತೇವೆ. ಕೊಡುವಾಗ ಒಂದು ಮಾತನ್ನೂ ಕೇಳುತ್ತೇವೆ: ಈ ವಿಭೂತಿ ಹುಡುಗನ ಹಣೆಗೋ, ನಿಮ್ಮ ಹಣೆಗೋ? ಕೆಲವರು ನಗುತ್ತಾರೆ, ಕೆಲವರು ಸುಮ್ಮನಾಗುತ್ತಾರೆ. ಸುಮ್ಮನಾದವರಿಗೆ ಪ್ರಶ್ನೆ ತಟ್ಟಿದೆ ಎಂದು ನಾವು ತಿಳಿಯುತ್ತೇವೆ.

ಸಂಸ್ಕಾರ ಎಂಬ ಶಬ್ದವನ್ನು ಇಂದು ಎಲ್ಲರೂ ಬಳಸುತ್ತಾರೆ. ಅದರ ಅರ್ಥವನ್ನು ತಿಳಿಯಲು ದೊಡ್ಡ ಶಾಸ್ತ್ರ ಬೇಕಿಲ್ಲ, ನಮ್ಮ ತಾಯಂದಿರ ಕೈಯಲ್ಲಿರುವ ಮೊರವನ್ನು ನೋಡಿದರೆ ಸಾಕು. ಕಣದಿಂದ ಬಂದ ಜೋಳದಲ್ಲಿ ಹೊಟ್ಟು, ಹರಳು, ಮಣ್ಣು ಎಲ್ಲವೂ ಇರುತ್ತದೆ. ಅದನ್ನು ಕೇರಿ, ಹಸನು ಮಾಡಿ, ಬೀಸಿ, ನಾದಿ, ಬಡಿದು, ಬೇಯಿಸಿದಾಗ ರೊಟ್ಟಿ. ಜೋಳ ಅದೇ, ಅದಕ್ಕೆ ಸಂಸ್ಕಾರವಾಯಿತು. ಇಷ್ಟರಲ್ಲಿ ಒಂದನ್ನು ಗಮನಿಸಬೇಕು. ಜೋಳ ತನ್ನನ್ನು ತಾನು ಕೇರಿಕೊಳ್ಳಲಿಲ್ಲ. ಮೊರ ಹಿಡಿದ ಕೈ ಒಂದಿತ್ತು, ಆ ಕೈಗೆ ದಿನಾಲೂ ಬೇಸರವಿಲ್ಲದೆ ಅದನ್ನೇ ಮಾಡುವ ತಾಳ್ಮೆಯಿತ್ತು.

ವೀರಶೈವ ಸಂಪ್ರದಾಯದಲ್ಲಿ ಮಗು ಇನ್ನೂ ತಾಯಿಯ ಗರ್ಭದಲ್ಲಿರುವಾಗಲೇ, ಎಂಟನೆಯ ತಿಂಗಳಲ್ಲಿ, ಗರ್ಭಲಿಂಗಧಾರಣೆ ಮಾಡುವ ಪದ್ಧತಿ ಇದೆ. ಹುಟ್ಟಿದ ಮೇಲೆ ಗುರುವು ಬಂದು ಎಳೆಯ ಕೂಸಿಗೆ ಲಿಂಗವನ್ನು ಕಟ್ಟುತ್ತಾನೆ. ತಿಳಿದ ವಯಸ್ಸಿಗೆ ಬಂದಾಗ ದೀಕ್ಷೆಯಾಗುತ್ತದೆ. ಕಟ್ಟಿದ ದಿನ ಕೂಸಿಗೆ ಏನೂ ತಿಳಿಯದು; ಲಿಂಗವೆಂದರೇನು, ನಿಯಮವೆಂದರೇನು, ಅದಕ್ಕೆ ಹಾಲೇ ಲೋಕ. ಹಾಗಾದರೆ ದೀಕ್ಷೆಯ ದಿನದವರೆಗೆ ಆ ಲಿಂಗದ ನಿಯಮವನ್ನು ಪಾಲಿಸುವವರು ಯಾರು? ತಂದೆ ತಾಯಿ, ಅಜ್ಜ ಅಜ್ಜಿ. ಕೂಸಿನ ಕೊರಳಲ್ಲಿ ಲಿಂಗ, ಹಿರಿಯರ ಮೇಲೆ ವ್ರತ. ಎಷ್ಟೋ ಮನೆಗಳಲ್ಲಿ ಲಿಂಗ ಕಟ್ಟಿಸಿದ ದಿನದ ಊಟದ ನೆನಪು ಇರುತ್ತದೆ, ಯಾರು ಯಾರು ಬಂದಿದ್ದರು ಎಂಬ ನೆನಪೂ ಇರುತ್ತದೆ. ವ್ರತ ತಮಗೆ ಬಂತು ಎಂಬ ನೆನಪು ಮಾತ್ರ ಇರುವುದಿಲ್ಲ. ಅನ್ಯ ಸಮಾಜದ ಮನೆಗಳಲ್ಲಿ ನಾಮಕರಣ, ಜಾವಳ, ಅಕ್ಷರಾಭ್ಯಾಸ ಎಂದು ಹೆಸರುಗಳು ಬೇರೆ ಇರಬಹುದು, ಹಿರಿಯರಿಗೆ ಬರುವ ಹೊಣೆ ಒಂದೇ.

ಈಗ ನಮ್ಮ ಸೀಮೆಯ ಸ್ಥಿತಿಯನ್ನು ನೋಡೋಣ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಅದಾದ ಬೆನ್ನಿಗೇ ನಡೆದ 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ. 52ರ ಆಸುಪಾಸು, ರಾಜ್ಯದ ಎಲ್ಲ ಜಿಲ್ಲೆಗಳಿಗಿಂತ ಹಿಂದೆ ಎಂದು ತಿಳಿದುಬಂತು. ಆ ದಿನಗಳಲ್ಲಿ ಅನೇಕ ಹಿರಿಯರು ತಲೆ ತಗ್ಗಿಸಿದರು. ಒಂದು ಕಡೆ ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರ ಅಣೆಕಟ್ಟೆಯ ಕಾಲುವೆ ನೀರು ಬಂದು ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ಹೊಲಗಳಿವೆ. ಮತ್ತೊಂದು ಕಡೆ ನೀರು ಮುಟ್ಟದ ಮಡ್ಡಿಯ ಹೊಲಗಳಿವೆ, ಹೊಲವೇ ಇಲ್ಲದ ಮನೆಗಳಿವೆ. ಸುಗ್ಗಿ ಮುಗಿದ ಮೇಲೆ ಆ ಮನೆಗಳ ಗಂಡು ಹೆಣ್ಣುಮಕ್ಕಳು ಗಂಟು ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬಯಿಗಳಿಗೆ ದುಡಿಯಲು ಗುಳೆ ಹೋಗುತ್ತಾರೆ. ಬೆಂಗಳೂರಿನ ಎತ್ತರದ ಕಟ್ಟಡಗಳ ಪಾಯದಲ್ಲಿ ನಮ್ಮ ಶಹಾಪುರ, ಸುರಪುರ ಸೀಮೆಯ ಮಕ್ಕಳ ಬೆವರು ಇದೆ ಎಂದರೆ ಅದು ಅಲಂಕಾರದ ಮಾತಾಗದು. 2020ರಲ್ಲಿ ಕೊರೊನಾ ಬಂದು ಎಲ್ಲವೂ ಬಂದಾದಾಗ ಮಹಾರಾಷ್ಟ್ರದಿಂದ ಎಷ್ಟು ಸಾವಿರ ಜನ ಈ ಜಿಲ್ಲೆಗೆ ಮರಳಿದರು ಎಂಬುದನ್ನು ನಾವೆಲ್ಲರೂ ಕಂಡಿದ್ದೇವೆ. ಶಾಲೆ, ವಸತಿನಿಲಯಗಳಲ್ಲಿ ಅವರನ್ನು ಇರಿಸಬೇಕಾಯಿತು. ಇಷ್ಟು ಜನ ಹೊರಗಿದ್ದರೇ ಎಂದು ಆಗ ಊರವರೇ ಬೆರಗಾದರು.

ಹೀಗೆ ಹೋಗುವವರು ಕೆಲವರು ಮಕ್ಕಳನ್ನು ಸಂಗಡ ಒಯ್ಯುತ್ತಾರೆ. ಆ ಮಕ್ಕಳಿಗೆ ತಗಡಿನ ಶೆಡ್ಡೇ ಮನೆ, ಮರಳಿನ ಗುಂಪೇ ಅಂಗಳ, ಶಾಲೆ ಅರ್ಧಕ್ಕೆ ನಿಂತಿರುತ್ತದೆ. ಉಳಿದವರು ಮಕ್ಕಳನ್ನು ಊರಲ್ಲಿ ಬಿಟ್ಟು ಹೋಗುತ್ತಾರೆ. ಯಾರ ಹತ್ತಿರ? ಇದನ್ನು ಓದುತ್ತಿರುವ, ಅಥವಾ ಮೊಮ್ಮಗನ ಕೈಲಿ ಓದಿಸಿ ಕೇಳುತ್ತಿರುವ ನಿಮ್ಮ ಹತ್ತಿರ. ಆದ್ದರಿಂದ ಮಕ್ಕಳಿಗೆ ಮನೆಯಲ್ಲಿ ಸಂಸ್ಕಾರ ಕೊಡಬೇಕು ಎಂದು ನಾವು ಬೆಂಗಳೂರಿನ ಶೆಡ್ಡಿನಲ್ಲಿರುವ ತಂದೆ ತಾಯಿಗೆ ಹೇಳಿ ಏನು ಪ್ರಯೋಜನ? ನಮ್ಮ ಈ ಮಾತೆಲ್ಲ ಅರವತ್ತು ಎಪ್ಪತ್ತು ದಾಟಿದ ನಿಮಗೇ. ಮಕ್ಕಳನ್ನು ಬೆಳೆಸಿ ಹಗುರಾದೆವು ಎಂದುಕೊಂಡಿದ್ದ ಹೆಗಲಿಗೆ ಮತ್ತೊಂದು ಸಲ ನೊಗ ಬಿದ್ದಿದೆ.

“ನಮಗ ಓದು ಬರಂಗಿಲ್ಲ, ನಾವೇನು ಕಲಿಸೋಣ ಯಪ್ಪಾ” ಎಂದು ಕೇಳುವವರಿಗೆ ನಮ್ಮ ಹಿಂದಿನವರನ್ನು ನೆನಪಿಸುತ್ತೇವೆ. 1948ರ ಸಪ್ಟೆಂಬರ್ 17ರವರೆಗೆ ಈ ಸೀಮೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಆಗ ಕಚೇರಿಯ ಭಾಷೆ ಉರ್ದು, ಸರಕಾರಿ ಶಾಲೆಯ ಭಾಷೆ ಉರ್ದು. ಹುಡುಗ ಹಗಲೆಲ್ಲ ಉರ್ದು ಓದಿ ಮನೆಗೆ ಬಂದರೆ ಕನ್ನಡ ಕಲಿಯುತ್ತಿದ್ದದ್ದು ಅಜ್ಜಿಯ ಬಾಯಿಂದ, ಗಾಂವಠಿ ಶಾಲೆಯ ಅಯ್ಯನವರಿಂದ, ಮಠದ ಪುರಾಣದಿಂದ, ರಾತ್ರಿಯ ಭಜನೆಯಿಂದ. ಅಕ್ಷರ ಬಾರದ ಮುದುಕಿಯರು ಬೀಸುವ ಕಲ್ಲಿನ ಮುಂದೆ ಕುಳಿತು ನಸುಕಿನಲ್ಲಿ ಹಾಡಿದ ಪದಗಳಲ್ಲಿ ಒಂದು ಭಾಷೆಯೇ ಉಳಿದು ಬಂತು. ಸರಕಾರ ಕಲಿಸದ್ದನ್ನು ಮನೆ ಕಲಿಸಿತು. ಅಕ್ಷರ ಕಲಿಸಲು ಅಕ್ಷರ ಬೇಕು, ನಿಜ. ನಡತೆ ಕಲಿಸಲು ನಡತೆಯೇ ಬೇಕು, ಅದಕ್ಕೆ ಹೆಬ್ಬೆಟ್ಟಿನವರು ಅಡ್ಡಿಯಿಲ್ಲ.

ನಮ್ಮ ಸೀಮೆಯ ಮುದನೂರು ಆದ್ಯ ವಚನಕಾರರಾದ ದೇವರ ದಾಸಿಮಯ್ಯನವರ ಊರು. ಬಸವಣ್ಣನವರಿಗಿಂತ ಮುಂಚಿನವರು, ಕಾಯಕದಿಂದ ನೇಕಾರರು. ಅವರ ಮಡದಿ ದುಗ್ಗಳೆಯ ಕಥೆ ನಿಮಗೆ ಗೊತ್ತಿರಬಹುದು. ಕನ್ಯೆ ನೋಡಲು ಹೋದ ದಾಸಿಮಯ್ಯನವರು ಮರಳು ಬೆರೆತ ಅಕ್ಕಿ ಮತ್ತು ಕಬ್ಬುಗಳನ್ನು ಕೊಟ್ಟು, ಬೇರೆ ನೀರು ಕಟ್ಟಿಗೆ ಬಳಸದೆ ಪಾಯಸ ಮಾಡಿಕೊಡುವವಳೇ ತನಗೆ ಸತಿ ಎಂದರಂತೆ. ಊರೂರು ತಿರುಗಿದರೂ ಆಗಲಿಲ್ಲ. ದುಗ್ಗಳೆ ಕಬ್ಬನ್ನು ಹಿಂಡಿ ರಸ ತೆಗೆದಳು, ಹಿಪ್ಪೆಯನ್ನು ಒಣಗಿಸಿ ಉರುವಲು ಮಾಡಿದಳು, ಅಕ್ಕಿಯನ್ನು ರಸದಲ್ಲಿ ತೊಳೆದಳು, ಭಾರದ ಮರಳು ತಳಕ್ಕೆ ಇಳಿಯಿತು, ಪಾಯಸವಾಯಿತು. ಪ್ರವಚನಕಾರರು ಈ ಕಥೆಯನ್ನು ದುಗ್ಗಳೆಯ ಜಾಣ್ಮೆಗಾಗಿ ಹೇಳುತ್ತಾರೆ, ಸರಿಯೇ. ನಾವು ಈ ಕಥೆಯನ್ನು ಹೇಳುವಾಗಲೆಲ್ಲ ಮತ್ತೊಬ್ಬಳನ್ನು ನೆನೆಯುತ್ತೇವೆ. ಯಾವುದನ್ನೂ ಚೆಲ್ಲಬಾರದು, ಹಿಪ್ಪೆಗೂ ಒಂದು ಉಪಯೋಗವಿದೆ, ಅವಸರ ಮಾಡದಿದ್ದರೆ ಮರಳು ತಾನೇ ಕೆಳಗಿಳಿಯುತ್ತದೆ ಎಂಬುದನ್ನು ಆ ಹುಡುಗಿಗೆ ಯಾವುದೋ ಅಡಿಗೆಮನೆಯಲ್ಲಿ ಯಾರೋ ತೋರಿಸಿಕೊಟ್ಟಿರಬೇಕಲ್ಲವೇ? ಆ ತಾಯಿಯ ಹೆಸರು ನಮ್ಮ ಬಾಯಿಗೆ ಬರುವುದಿಲ್ಲ. ನೂಲಿನಂತೆ ಸೀರೆ ಎಂದು ಗಾದೆ ಹೇಳುತ್ತೇವೆ, ನೇಕಾರನ ಮನೆಯ ಗಾದೆಯೇ ಅದು. ಸೀರೆಯನ್ನು ಹೊಗಳುವಾಗ ನೂಲನ್ನು ಯಾರೂ ಕೇಳುವುದಿಲ್ಲ.

ಇನ್ನು ನೇರವಾಗಿ ಮನೆಯೊಳಗೆ ಬರೋಣ. ಮಗು ಮೊದಲ ಸುಳ್ಳನ್ನು ಎಲ್ಲಿ ಕಲಿಯುತ್ತದೆ? ಬಹುಮಟ್ಟಿಗೆ ಬಾಗಿಲಲ್ಲಿ. ಸಾಲ ಕೊಟ್ಟವನು ಹೊರಗೆ ನಿಂತು ಕೂಗಿದಾಗ ಒಳಗಿನಿಂದ ಹಿರಿಯರು ಮೆಲ್ಲಗೆ “ಅಜ್ಜ ಮನ್ಯಾಗಿಲ್ಲ ಅಂತ ಹೇಳು” ಎಂದು ಕೂಸನ್ನು ಮುಂದೆ ತಳ್ಳುತ್ತಾರೆ. ಕೂಸು ಪ್ರಾಮಾಣಿಕ. ಅದು ಹೋಗಿ “ಅಜ್ಜ ಮನ್ಯಾಗಿಲ್ಲ ಅಂತ ಹೇಳು ಅಂದಾನ” ಎನ್ನುತ್ತದೆ. ಇದನ್ನು ನಗೆಯ ಮಾತಾಗಿ ಊರಲ್ಲೆಲ್ಲ ಹೇಳಿಕೊಂಡು ನಗುತ್ತೇವೆ. ಸಾಲಗಾರ ಹೋದ ಮೇಲೆ ಆ ಕೂಸಿಗೆ ಬೀಳುವ ಏಟಿನ ಬಗ್ಗೆ ಯಾರೂ ಹೇಳುವುದಿಲ್ಲ. ಆ ಏಟು ಬಿದ್ದದ್ದು ನಿಜ ಹೇಳಿದ್ದಕ್ಕೆ. ಮುಂದಿನ ಸಲ ಕೂಸು ಸರಿಯಾಗಿ ಸುಳ್ಳು ಹೇಳುತ್ತದೆ, ಹಿರಿಯರು ಜಾಣ ಎಂದು ತಲೆ ಸವರುತ್ತಾರೆ. ಹತ್ತು ವರ್ಷದ ಮೇಲೆ ಅದೇ ಹುಡುಗ ಪಟ್ಟಿ ಪುಸ್ತಕಕ್ಕೆಂದು ಹಣ ಪಡೆದು ಬೇರೆಯದಕ್ಕೆ ಖರ್ಚು ಮಾಡಿದಾಗ ಅದೇ ಅಜ್ಜ ವಿಭೂತಿಗಾಗಿ ನಮ್ಮ ಹತ್ತಿರ ಬರುತ್ತಾನೆ.

ಸಾಲಗಾರನ ಮುಂದೆ ಹೋಗಿ ಕೈಮುಗಿದು “ಈ ತಿಂಗಳು ಆಗಂಗಿಲ್ಲ ಮಾವುರೆ, ಹತ್ತಿ ಬಿಡಿಸಿದ ಮ್ಯಾಲ ಕೊಡ್ತೀನಿ” ಎನ್ನುವುದು ಕಷ್ಟದ ಕೆಲಸ. ಬಡತನದ ನಾಚಿಕೆ ದೊಡ್ಡದು, ಅದನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಮೊಮ್ಮಗು ಮಗ್ಗುಲಲ್ಲಿ ನಿಂತು ನೋಡುತ್ತಿರುವಾಗ ಅಜ್ಜನೊಬ್ಬ ಆ ಮಾತನ್ನು ಆಡಿದನೆಂದರೆ, ಅವನು ಆ ಮಗುವಿಗೆ ಕೊಟ್ಟಷ್ಟನ್ನು ನಾವು ಒಂದು ತಿಂಗಳ ಪ್ರವಚನದಲ್ಲಿ ಕೊಡಲಾರೆವು.

ಹತ್ತಿಯ ಮಾತು ಬಂತು. ಹತ್ತಿಯನ್ನು ತೂಕಕ್ಕೆ ಹಾಕುವ ಹಿಂದಿನ ರಾತ್ರಿ ಅಂಡಿಗೆಯ ಮೇಲೆ ನೀರು ಚಿಮುಕಿಸುವ ಪರಿಪಾಠ ನಮ್ಮ ಕಡೆ ಇದೆ ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು. ಎಲ್ಲರೂ ಮಾಡುತ್ತಾರೆಂದು ನಾವು ಹೇಳುವುದಿಲ್ಲ, ಮಾಡುವವರಿದ್ದಾರೆ. ಚೊಂಬು ಹಿಡಿದು ನೀರು ತಂದುಕೊಡುವವರು ಯಾರು? ಮನೆಯ ಸಣ್ಣ ಹುಡುಗರು. ಅವರಿಗೆ ಅದೊಂದು ಆಟ. “ಯಾಕ ನೀರ ಹಾಕ್ತೀಯಜ್ಜ?” ಎಂದು ಕೇಳುತ್ತಾರೆ. “ತೂಕ ಬರ್ತದ” ಎಂದು ಉತ್ತರ ಬರುತ್ತದೆ. ರೈತನೂ ತನ್ನ ಸಮಾಧಾನ ಹೇಳುತ್ತಾನೆ: ತೂಕದಲ್ಲಿ ಹೊಡೆಯುವವರಿದ್ದಾರೆ, ಕಳೆ ಎಂದು ಹಿಡಿಯುವವರಿದ್ದಾರೆ, ನಾನೊಬ್ಬ ಸತ್ಯಹರಿಶ್ಚಂದ್ರನಾದರೆ ಮನೆ ನಡೆಯಬೇಕಲ್ಲ. ಈ ಮಾತಿನಲ್ಲಿ ನೋವಿದೆ. ತಕ್ಕಡಿಯ ಆ ಬದಿಯ ಪಾಪವನ್ನು ನಾವು ಮುಚ್ಚುವುದಿಲ್ಲ. ಬೆಳೆದವನ ತೂಕ ಕದಿಯುವ ವ್ಯಾಪಾರಿ ಎಷ್ಟು ದಾನ ಮಾಡಿದರೂ ಅದು ದಾಸೋಹವಾಗದು ಎಂದು ನಾವು ಪೇಟೆಯ ಸಭೆಗಳಲ್ಲಿಯೂ ಹೇಳಿದ್ದೇವೆ. ಪಂಚಾಚಾರಗಳಲ್ಲಿ ಸದಾಚಾರವೆಂದು ಹಿರಿಯರು ಇಟ್ಟದ್ದು ಇದನ್ನೇ. ಸನ್ಮಾರ್ಗದಿಂದ ದುಡಿಯಬೇಕು, ದುಡಿದದ್ದರಲ್ಲಿ ಕೊಡಬೇಕು. ಮೊದಲನೆಯದು ಕೆಟ್ಟರೆ ಎರಡನೆಯದಕ್ಕೆ ಅರ್ಥವಿಲ್ಲ.

ಆದರೆ ಮಗುವಿನ ಕಡೆಯಿಂದ ನೋಡಿರಿ. ಅದು ರಾತ್ರಿ ಅಜ್ಜ ನೀರು ಹಾಕುವುದನ್ನು ಕಂಡಿತು, ಮರುದಿನ ಬೇರೊಬ್ಬ ಕಳೆ ಹಿಡಿಯುವುದನ್ನು ಕಂಡಿತು. ಅದರ ಪುಟ್ಟ ಬುದ್ಧಿಗೆ ತಿಳಿದದ್ದು ಲೋಕದಲ್ಲಿ ಎರಡೇ ಜಾತಿ, ಮೋಸ ಮಾಡುವವರು, ಮೋಸ ಹೋಗುವವರು. ಎರಡನೆಯದಕ್ಕಿಂತ ಮೊದಲನೆಯದು ಲೇಸು ಎಂದು ಅದು ಆರಿಸಿಕೊಂಡರೆ ಯಾವ ಶಾಲೆಯ ನೀತಿಪಾಠ ಅದನ್ನು ಹಿಂದಕ್ಕೆ ತಂದೀತು? ಅದೇ ಬೇಡಬಾರದ ಲೆಕ್ಕ. ನಾಲ್ಕು ಕಿಲೋ ನೀರಿನ ತೂಕದ ಹಣ ಒಂದು ವಾರಕ್ಕೆ ಸಾಲದು. ಮಗು ಕಲಿತದ್ದು ಅದರ ಜನ್ಮಕ್ಕೆ ಸಾಕಾಗುತ್ತದೆ.

ಇನ್ನೊಂದು ವಿಷಯವಿದೆ. ಇದನ್ನು ಹೇಳುವಾಗ ಕೆಲವರು ಮುಖ ತಿರುಗಿಸುತ್ತಾರೆ, ಆದರೂ ಹೇಳುವುದು ನಮ್ಮ ಧರ್ಮ. ಹೊಲದ ಕೆಲಸಕ್ಕೆ ಬಂದ ಆಳುಮಗಳು ಬಾಯಾರಿ ಮನೆಯ ಮುಂದೆ ನಿಂತಾಗ ಅವಳ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುವ ಮನೆಗಳು ಇನ್ನೂ ಇವೆ. ಚಹಾಕ್ಕೆ ಬೇರೆ ಕಪ್ಪು, ಅದು ಗೋಡೆಯ ಗೂಡಿನಲ್ಲಿ ಬೇರೆಯೇ ಇರುತ್ತದೆ. ಮಗು ಕೇಳುತ್ತದೆ, “ಅಕ್ಕಗ ಯಾಕ ಚೊಂಬು ಕೊಡವಲ್ಲಿ ಆಯಿ?” ಆಗ ಬರುವ ಉತ್ತರ, “ಸುಮ್ಮಿರು, ಅವರು ಅಂಥವರು.” ಮಗುವಿಗೆ ಆ ಕ್ಷಣದಲ್ಲಿ ಆದದ್ದೂ ಸಂಸ್ಕಾರವೇ. ಮೊರದಲ್ಲಿ ಹಸನು ಮಾಡುವ ಬದಲು ಶುದ್ಧ ಕಾಳಿಗೆ ಹರಳು ಬೆರೆಸಿದಂತಾಯಿತು. ದೇಶದ ಸಂವಿಧಾನ ಅಸ್ಪೃಶ್ಯತೆಯನ್ನು ಕಿತ್ತುಹಾಕಿ, 1950ರಿಂದಲೇ ಅದನ್ನು ಅಪರಾಧವೆಂದಿದೆ. ಸಂವಿಧಾನದ ಮಾತು ಇರಲಿ, ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದವರ ಮನೆಯಲ್ಲಿಯೇ ಇದು ನಡೆದರೆ ಏನೆನ್ನಬೇಕು?

ಕೆಂಭಾವಿ ನಮ್ಮ ಪಕ್ಕದ ಊರು. ಅಲ್ಲಿಯ ಭೋಗಣ್ಣನವರ ಚರಿತ್ರೆಯನ್ನು ಪುರಾಣಗಳು ಹೇಳುತ್ತವೆ, ಊರ ಜನರೂ ಹೇಳುತ್ತಾರೆ. ಶಿವನು ಅಂತ್ಯಜ ವೇಷದ ಜಂಗಮನಾಗಿ ಅವರ ಬಾಗಿಲಿಗೆ ಬಂದನಂತೆ. ಭೋಗಣ್ಣನವರು ಕುಲ ಕೇಳಲಿಲ್ಲ, ಒಳಗೆ ಕರೆದು ಅನ್ನವಿಕ್ಕಿದರು. ಊರಿನ ದೊಡ್ಡವರಿಗೆ ಸಿಟ್ಟು ಬಂತು, ಮನೆ ಮೈಲಿಗೆಯಾಯಿತು, ಊರು ಮೈಲಿಗೆಯಾಯಿತು ಎಂದು ಅವರನ್ನು ಊರ ಹೊರಗೆ ಹಾಕಿದರು. ಭೋಗಣ್ಣನವರು ಮರುಮಾತಾಡದೆ ಹೊರಟರು. ಹೊರಟರೆ, ಊರಿನ ಗುಡಿಗಳಲ್ಲಿದ್ದ ಲಿಂಗಗಳೆಲ್ಲ ಎದ್ದು ಅವರ ಹಿಂದೆ ಉರುಳಿಕೊಂಡು ನಡೆದವು. ದೇವರಿಲ್ಲದ ಊರಿನಲ್ಲಿ ಉಳಿದವರು ಗಾಬರಿಯಾಗಿ ಓಡಿ ಹೋಗಿ ಕಾಲಿಗೆ ಬಿದ್ದು ಕರೆತಂದರು. ಈ ಕಥೆಯನ್ನು ನಾವು ಪ್ರವಚನದಲ್ಲಿ ಹೇಳಿದಾಗ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಕಲ್ಲು ಹೇಗೆ ಉರುಳೀತು ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ, ಕೇಳಬೇಕಾದದ್ದೇ. ಆದರೆ ಅವನ ಪಕ್ಕದಲ್ಲಿದ್ದ ಹುಡುಗಿ ಕೇಳಿದ ಪ್ರಶ್ನೆಗೆ ಸಭೆಯೇ ಸ್ತಬ್ಧವಾಯಿತು. “ಅಜ್ಜಾರೆ, ಹಂಗಾದ್ರ ನಮ್ಮೂರ ದೇವರು ಯಾಕ ಇನ್ನಾ ಇಲ್ಲೇ ಅದಾನ?” ನಾವು ಆ ಮಗುವಿಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ಆ ಊರಿನ ಹಿರಿಯರು ಅಂದು ರಾತ್ರಿ ಗೂಡಿನಲ್ಲಿದ್ದ ಕಪ್ಪುಗಳನ್ನು ಏನು ಮಾಡಿದರೋ ಅದೇ ಉತ್ತರ.

ಬೈಗುಳ, ಗುಟಕಾ, ಸಾರಾಯಿ ಇವುಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಅಂಗಡಿಯಿಂದ ಚೀಟು ತರಲು ಮೊಮ್ಮಗನನ್ನೇ ಕಳಿಸಿ, ಉಳಿದ ಚಿಲ್ಲರೆಯನ್ನು ನೀನೇ ಇಟ್ಟುಕೋ ಎನ್ನುವ ಅಜ್ಜಂದಿರು ತಮ್ಮಷ್ಟಕ್ಕೆ ತಾವು ವಿಚಾರ ಮಾಡಿದರೆ ಸಾಕು.

ಮೊಬೈಲಿನ ಬಗ್ಗೆ ಮಾತ್ರ ನಮ್ಮ ಅಭಿಪ್ರಾಯ ಸ್ವಲ್ಪ ಬೇರೆ. ಅದನ್ನು ಸಿಕ್ಕ ಸಿಕ್ಕ ವೇದಿಕೆಯಲ್ಲಿ ಬೈಯುವುದು ಈಗ ರೂಢಿಯಾಗಿದೆ. ಮಗು ದಿನವಿಡೀ ಅದರಲ್ಲಿ ಮುಳುಗಿದರೆ ಕೆಡುಕು, ಅದರಲ್ಲಿ ಸಂಶಯವಿಲ್ಲ. ಆದರೆ ಗುಳೆ ಹೋದವರ ಮನೆಯಲ್ಲಿ ಅದೇ ಮೊಬೈಲಿನಲ್ಲಿ ರಾತ್ರಿ ಎಂಟು ಗಂಟೆಗೆ ತಾಯಿಯ ಮುಖ ಕಾಣುತ್ತದೆ. ಸಿಮೆಂಟಿನ ಧೂಳು ಮೆತ್ತಿದ ಆ ಮುಖವನ್ನು ನೋಡಿಯೇ ಮಗು ಮಲಗುವುದು. ಅದನ್ನು ಕಸಿದುಕೊಳ್ಳಿರಿ ಎಂದು ನಾವು ಹೇಗೆ ಹೇಳೋಣ? ನಾವು ಹೇಳುವುದಿಷ್ಟೇ, ಆ ಹತ್ತು ನಿಮಿಷವನ್ನು ವ್ಯರ್ಥ ಮಾಡಬೇಡಿರಿ. ಬಹಳ ಮನೆಗಳಲ್ಲಿ ನಾವು ಕೇಳಿದ್ದೇವೆ, “ಉಂಡಿಯಾ, ಸಾಲಿಗೆ ಹೋಗಿದ್ದಿಯಾ” ಎಂಬ ಎರಡು ಮಾತಿಗೆ ಮುಗಿಯುತ್ತದೆ. ಅಜ್ಜಿಯಾದವಳು ಮಗ್ಗುಲಲ್ಲಿ ಕುಳಿತು, “ಇವತ್ತ ನಿನ್ನ ಮಗಳು ಬಾಜೂ ಮನಿ ಮುದುಕಿಗೆ ನೀರ ತಂದುಕೊಟ್ಟಾಳ” ಎಂದು ಹೇಳಬೇಕು. ತಾಯಿ ಅದಕ್ಕೆ ಸಂತೋಷಪಡಬೇಕು. ಮಾರ್ಕಿಗೆ ಸಂತೋಷಪಡುವಷ್ಟೇ ಇದಕ್ಕೂ ಪಡಬೇಕು. ತಾಯಿ ಯಾವುದಕ್ಕೆ ನಕ್ಕಳೋ ಅದನ್ನು ಮಗು ಮತ್ತೆ ಮಾಡುತ್ತದೆ.

ಬಡಿಗೆಯ ವಿಷಯ. ಬಡಿಯದಿದ್ದರೆ ವಿದ್ಯೆ ಹತ್ತದು ಎಂಬ ನಂಬಿಕೆ ಹಿರಿಯರಲ್ಲಿ ಬಲವಾಗಿದೆ. ಶಾಲೆಗಳಲ್ಲಿ ಮಕ್ಕಳನ್ನು ಹೊಡೆಯುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಮನೆಯೊಳಗೆ ಕಾಯಿದೆ ಬಂದು ನಿಲ್ಲಲಾರದು, ಮನಸ್ಸೇ ನಿಲ್ಲಬೇಕು. ನಮ್ಮ ಅನುಭವದಲ್ಲಿ ಬಡಿಸಿಕೊಂಡ ಮಗು ತಪ್ಪು ಮಾಡುವುದನ್ನು ಬಿಡುವುದಿಲ್ಲ, ಬಚ್ಚಿಡುವುದನ್ನು ಕಲಿಯುತ್ತದೆ. ಎತ್ತಿಗೆ ಬಾರುಕೋಲು ತೋರಿಸುತ್ತೀರಿ, ಸರಿ. ಆದರೆ ಹೊಸದಾಗಿ ನೊಗಕ್ಕೆ ಹೂಡುವ ಹೋರಿಗರುವನ್ನು ಒಳ್ಳೆಯ ಒಕ್ಕಲಿಗ ಬಡಿಯುವುದಿಲ್ಲ. ಪಳಗಿದ ಎತ್ತಿನ ಜೊತೆ ಹೂಡುತ್ತಾನೆ. ಅದು ನಡೆದಂತೆ ಇದು ನಡೆಯುತ್ತದೆ. ಇದನ್ನು ನಾವು ನಿಮಗೆ ಹೇಳಿಕೊಡಬೇಕೇ, ನೀವೇ ಎಷ್ಟು ಗರುಗಳನ್ನು ಹೂಡಿಲ್ಲ?

ಹೆಣ್ಣುಮಕ್ಕಳ ಬಗ್ಗೆಯೂ ಒಂದೆರಡು ಮಾತು. ಅಣ್ಣ ಉಂಡ ತಾಟನ್ನು ತಂಗಿ ಎತ್ತಬೇಕು, ತಂಗಿ ಉಂಡದ್ದನ್ನೂ ತಂಗಿಯೇ ಎತ್ತಬೇಕು ಎಂಬುದು ಎಲ್ಲಿಯ ನ್ಯಾಯ? ತನ್ನ ತಾಟನ್ನು ತಾನು ತೊಳೆಯುವುದನ್ನು ಕಲಿತ ಹುಡುಗ ಮುಂದೆ ತನ್ನ ಹೆಂಡತಿಯ ಮೇಲೆ ಕೈ ಎತ್ತಲು ಹಿಂಜರಿಯುತ್ತಾನೆ ಎಂದು ನಾವು ನಂಬಿದ್ದೇವೆ. ಇನ್ನು, ತಂದೆ ತಾಯಿ ಊರಲ್ಲಿಲ್ಲ, ಹುಡುಗಿ ದೊಡ್ಡವಳಾದಳು, ನಮಗೆ ಕಾಯುವುದು ಆಗುವುದಿಲ್ಲ ಎಂದು ಹದಿನೈದು ಹದಿನಾರಕ್ಕೇ ಮದುವೆ ಮಾಡಿ ಕೈ ತೊಳೆದುಕೊಳ್ಳುವ ಅಜ್ಜ ಅಜ್ಜಿಯರಿದ್ದಾರೆ. ಅವರ ಭಯ ನಮಗೆ ಅರ್ಥವಾಗುತ್ತದೆ. ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಕಾಯಿದೆಯ ಪ್ರಕಾರ ಅಪರಾಧ. ನಮ್ಮ ಮಠದ ಸಾಮೂಹಿಕ ವಿವಾಹಕ್ಕೆ ಹೆಸರು ಬರೆಸಲು ಬರುವವರಿಂದ ಮೊದಲು ಶಾಲೆಯ ದಾಖಲೆಯನ್ನು ಕೇಳುತ್ತೇವೆ, ಜಾತಕವನ್ನು ಆಮೇಲೆ. ದಾಖಲೆಯಲ್ಲಿ ವಯಸ್ಸು ಕಡಿಮೆಯಿದ್ದರೆ ಯಾರ ವಶೀಲಿಯೂ ನಡೆಯುವುದಿಲ್ಲ. ಹುಡುಗಿಗೆ ಕಾಯುವವರು ಬೇಕಾದರೆ ವಸತಿ ಶಾಲೆ ಇದೆ, ಸೋದರತ್ತೆ ಇದ್ದಾಳೆ, ಓಣಿಯ ಹಿರಿಯರಿದ್ದಾರೆ. ಕಾವಲಿಗಾಗಿ ಗಂಡನನ್ನು ತರುವುದೇ?

ಕೊಡುವ ಗುಣವನ್ನು ಕಲಿಸುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಬೇಗ ಮರೆತದ್ದೂ ಅದನ್ನೇ. ಕಲಬುರಗಿಯಲ್ಲಿ ಮಹಾದಾಸೋಹಿಗಳಾಗಿ ನೆಲೆ ನಿಂತ ಶರಣಬಸವೇಶ್ವರರು ಮೂಲತಃ ಜೇವರ್ಗಿ ಸೀಮೆಯ ಅರಳಗುಂಡಗಿಯವರು, ನಿಮ್ಮ ಹಾಗೆ ಹೊಲ ಮನೆ ಇದ್ದ ಒಕ್ಕಲು ಮನೆತನದವರು. ತೆನೆ ಕಟ್ಟಿದ ಹೊಲಕ್ಕೆ ಹಕ್ಕಿ ಕಾಯಲು ಹೋದವರು ಹಕ್ಕಿಗಳನ್ನು ಓಡಿಸದೆ ತಿನ್ನಲು ಬಿಟ್ಟರು, ಕುಡಿಯಲು ನೀರನ್ನೂ ಇಟ್ಟರು, ಆದರೂ ರಾಶಿ ಕಡಿಮೆಯಾಗಲಿಲ್ಲ ಎಂಬ ಐತಿಹ್ಯ ಪ್ರತಿ ಜಾತ್ರೆಯಲ್ಲಿಯೂ ಕೇಳಿಬರುತ್ತದೆ. ನಿಮ್ಮ ಮೊಮ್ಮಕ್ಕಳು ಹಕ್ಕಿಗೆ ಕವಣೆ ಬೀಸುವುದನ್ನು ಇಡೀ ಹೊಲದಲ್ಲಿ ನಿಲ್ಲಿಸಲಾಗದು, ಸಂಸಾರಸ್ಥರಿಗೆ ಅದು ಸಾಧ್ಯವೂ ಅಲ್ಲ. ಒಂದು ಮೂಲೆಯ ನಾಲ್ಕು ಸಾಲನ್ನು ಹಕ್ಕಿಯ ಪಾಲು ಎಂದು ಮಗುವಿನ ಕೈಯಿಂದಲೇ ಗುರುತು ಮಾಡಿಸಬಹುದು. ಹೀಗೆ ಬಿಡುವ ರೈತರು ಹಿಂದೆ ಬಹಳ ಜನ ಇದ್ದರು.

ಜಂಗಮ ಜೋಳಿಗೆ ಹಿಡಿದು ಬಾಗಿಲಿಗೆ ಬಂದಾಗ, ಫಕೀರನೊಬ್ಬ ಬಂದಾಗ, ಮೊದಲು ಮನೆಯ ಹಿರಿಯಳು ಮಗುವಿನ ಬೊಗಸೆಯಲ್ಲಿ ಜೋಳ ತುಂಬಿ ಕಳಿಸುತ್ತಿದ್ದಳು. ದೊಡ್ಡವರು ಸೇರಿನಿಂದ ಕೊಟ್ಟರೆ ಜೋಳಿಗೆ ಬೇಗ ತುಂಬುತ್ತದೆ, ಮಗುವಿನ ಪುಟ್ಟ ಬೊಗಸೆಯಿಂದ ಅರ್ಧ ಜೋಳ ದಾರಿಯಲ್ಲೇ ಸೋರುತ್ತದೆ. ಆದರೂ ಮಗುವೇ ಹೋಗಬೇಕು. ಸೋರಿದ ಕಾಳನ್ನು ಕೋಳಿ ಗುಬ್ಬಿ ತಿಂದುಕೊಳ್ಳುತ್ತವೆ. ಈಗ ಹತ್ತು ರೂಪಾಯಿಯ ನೋಟನ್ನು ಕಿಟಕಿಯಿಂದ ಚಾಚುತ್ತಾರೆ, ಮಗು ಟೀವಿಯ ಮುಂದೆ ಇರುತ್ತದೆ. ಕೊಟ್ಟದ್ದು ನಿಜ, ಕಲಿಸಿದ್ದು ಏನೂ ಇಲ್ಲ. ಜೋಳಿಗೆಗೆ ಕಡಿಮೆ ಬಿದ್ದರೆ ಜಂಗಮ ಬೇಸರಪಡುವುದಿಲ್ಲ, ಈ ವಿಷಯದಲ್ಲಿ ನಾವು ಜವಾಬ್ದಾರಿ!

ಜಾತ್ರೆ ಉರುಸುಗಳಿಗೂ ಮಕ್ಕಳನ್ನು ಕೈ ಹಿಡಿದು ಕರೆದೊಯ್ಯಿರಿ. ಕೃಷ್ಣೆಯ ದಂಡೆಯ ತಿಂಥಣಿಯ ಮೌನೇಶ್ವರರ ಸನ್ನಿಧಿಗೆ ಹಿಂದೂಗಳೂ ಮುಸ್ಲಿಮರೂ ಹೆಗಲಿಗೆ ಹೆಗಲು ಹಚ್ಚಿ ಬರುತ್ತಾರೆ. ನಮ್ಮ ತಾಲ್ಲೂಕಿನ ಗೋಗಿಯಲ್ಲಿ ಚಂದಾ ಹುಸೇನಿಯವರ ದರ್ಗಾ ಇದೆ, ಬಿಜಾಪುರದ ಆದಿಲಶಾಹಿ ಮನೆತನದ ಮೊದಲ ಸುಲ್ತಾನರು ತಮ್ಮ ರಾಜಧಾನಿಯನ್ನು ಬಿಟ್ಟು ಈ ಫಕೀರರ ಪಾದದ ಹತ್ತಿರ ಮಣ್ಣಾಗಿದ್ದಾರೆ. ಅಲ್ಲಿಗೆ ಸಕ್ಕರೆ ಓದಿಸಲು ನಮ್ಮ ಭಕ್ತರ ಮನೆಯ ಮುದುಕಿಯರು ಹೋಗುತ್ತಿದ್ದುದನ್ನು ನಾವು ಬಲ್ಲೆವು. ಈಗಿನ ಹುಡುಗರಿಗೆ ಯಾರು ನಮ್ಮವರು ಯಾರು ಹೊರಗಿನವರು ಎಂದು ಮೊಬೈಲು ಕಲಿಸುತ್ತಿದೆ. ಅದಕ್ಕಿಂತ ಮೊದಲು ಅಜ್ಜಿ ಕಲಿಸಿದರೆ ಒಳ್ಳೆಯದು.

“ಇಷ್ಟೆಲ್ಲ ನಮ್ಮಿಂದ ಆಗಂಗಿಲ್ಲ, ಹುಡುಗನ್ನ ಮಠದಾಗ ಬಿಟ್ಟುಬಿಡ್ತೀವಿ” ಎನ್ನುವವರೂ ಇದ್ದಾರೆ. ಬಿಡಿರಿ, ಬೇಡವೆನ್ನುವುದಿಲ್ಲ. ಮಠಗಳು ಈ ನಾಡಿನಲ್ಲಿ ಮಕ್ಕಳಿಗೆ ಅನ್ನ ಅಕ್ಷರ ಎರಡನ್ನೂ ಕೊಟ್ಟಿವೆ. 2019ರ ಜನವರಿಯಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳು ಜಾತಿ ಮತ ಕೇಳದೆ ಸಾವಿರಾರು ಮಕ್ಕಳನ್ನು ಪಂಕ್ತಿಯಲ್ಲಿ ಕೂಡಿಸಿ ಉಣಿಸಿದ್ದನ್ನು ಲೋಕವೇ ಬಲ್ಲದು. ಆದರೆ ಮಠದಲ್ಲಿ ಹತ್ತು ತಿಂಗಳು ಬೆಳಗಿನ ಐದಕ್ಕೆ ಎದ್ದು ಪ್ರಾರ್ಥನೆ ಮಾಡಿದ ಹುಡುಗ ಬೇಸಿಗೆ ಸೂಟಿಗೆ ಊರಿಗೆ ಹೋಗುತ್ತಾನೆ. ಅಲ್ಲಿ ಒಂಬತ್ತಕ್ಕೆ ಏಳುವ ಮನೆ, ಉಂಡ ತಾಟನ್ನು ಇನ್ನೊಬ್ಬರು ಎತ್ತುವ ಮನೆ, ಮಾತಿಗೊಮ್ಮೆ ಬೈಗುಳವಿರುವ ಮನೆ ಎದುರಾದರೆ ಜೂನ್ ತಿಂಗಳಲ್ಲಿ ಅವನು ಮರಳಿ ಬರುವಾಗ ನಾವು ಮತ್ತೆ ಮೊದಲಿನಿಂದ ಮೊರ ಹಿಡಿಯಬೇಕಾಗುತ್ತದೆ. ಸೂಟಿಗೆ ಕಳಿಸುವಾಗ ನಾವು ಪಾಲಕರಿಗೆ ಒಂದೇ ಮಾತು ಹೇಳುತ್ತೇವೆ: ಹುಡುಗ ತಾನಾಗಿ ತಾಟು ತೊಳೆಯಲು ಎದ್ದರೆ “ಬಿಡು, ನಾ ತೊಳೀತೀನಿ” ಎಂದು ಪ್ರೀತಿಯಿಂದ ಕಸಿದುಕೊಳ್ಳಬೇಡಿರಿ.

ಗೋಗಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಒಬ್ಬ ಮುದುಕಿಯನ್ನು ನಾವು ಬಲ್ಲೆವು. ಹೆಸರು ಬೇಡ, ಆಕೆಗೆ ಇಷ್ಟವಾಗದು. ಮಗ ಸೊಸೆ ಬೆಂಗಳೂರಲ್ಲಿ, ಮೂರು ಮೊಮ್ಮಕ್ಕಳು ಈಕೆಯ ಹತ್ತಿರ. ಕಣ್ಣಿಗೆ ಪರೆ ಬಂದಿದೆ. ಸಂಜೆ ದೀಪ ಹಚ್ಚಿದ ಮೇಲೆ ಮೂವರನ್ನೂ ಕಟ್ಟೆಯ ಮೇಲೆ ಕೂಡಿಸಿಕೊಂಡು ಹಿರಿಯ ಹುಡುಗಿಗೆ ಪಾಠ ಪುಸ್ತಕವನ್ನು ಗಟ್ಟಿಯಾಗಿ ಓದಲು ಹೇಳುತ್ತಾಳೆ. ತನಗೆ ಅಕ್ಷರ ಬಾರದಿದ್ದರೂ ಓದು ತಡವರಿಸಿದ ಕಡೆ “ಇನ್ನೊಮ್ಮೆ ಓದು” ಎನ್ನುತ್ತಾಳೆ. ಅದು ಮುಗಿದ ಮೇಲೆ ಮೂವರಿಗೂ ಒಂದೊಂದು ಪ್ರಶ್ನೆ: ಇವತ್ತು ಯಾರಿಗೆ ಉಪಕಾರ ಮಾಡಿದಿ, ಯಾರನ್ನು ನೋಯಿಸಿದಿ? ನೋಯಿಸಿದ್ದರೆ ಕತ್ತಲಾಗಿದ್ದರೂ ಆ ಮನೆಗೆ ಕರೆದುಕೊಂಡು ಹೋಗಿ ಮಾತಾಡಿಸಿ ಬರುತ್ತಾಳೆ, ಆಮೇಲೆ ರೊಟ್ಟಿ. ಒಮ್ಮೆ ಕಿರಿಯ ಹುಡುಗ, “ಆಯಿ, ನೀ ಇವತ್ತ ಹಾಲಿನವಗ ಬೈದಿ, ನೀನೂ ನಡಿ” ಎಂದನಂತೆ. ಆಕೆ ಕೋಲು ಹಿಡಿದು ಎದ್ದಳು. ಮುಂದೆ ಕಂದೀಲು ಹಿಡಿದ ಹುಡುಗ, ಹಿಂದೆ ಅಜ್ಜಿ, ಇಬ್ಬರೂ ಹಾಲಿನವನ ಮನೆಗೆ ಹೋಗಿ ಬಂದರು. ಇದನ್ನು ನಮಗೆ ಹೇಳಿದವನು ಆ ಹಾಲಿನವನೇ.

ಯುಗಾದಿಗೆ ಗುಳೆ ಹೋದವರು ಊರಿಗೆ ಬರುತ್ತಾರೆ. ಬರುವಾಗ ಮಕ್ಕಳಿಗೆ ಬಟ್ಟೆ, ಆಟಿಗೆ ತರುತ್ತಾರೆ, ತರಲಿ. ಬೇವು ಬೆಲ್ಲ ಹಂಚುವ ಆ ಬೆಳಿಗ್ಗೆ ಹಿರಿಯರಾದ ನೀವು ಮಗ ಸೊಸೆಯನ್ನು ಕೂಡಿಸಿಕೊಂಡು, ಅವರು ಇಲ್ಲದ ತಿಂಗಳುಗಳಲ್ಲಿ ಮಕ್ಕಳು ಏನೇನು ಕಲಿತರು, ಎಲ್ಲಿ ಎಡವಿದರು ಎಂಬುದನ್ನು ಮಕ್ಕಳ ಎದುರಿಗೇ ಹೇಳಿರಿ. ಎಡವಿದ್ದನ್ನು ಮೊದಲು ಹೇಳಿರಿ, ಒಳ್ಳೆಯದನ್ನು ಆಮೇಲೆ. ಕೊನೆಗೆ ಕೇಳಿದ್ದು ಮಗುವಿನ ಕಿವಿಯಲ್ಲಿ ಉಳಿಯುತ್ತದೆ.